ಗ್ರಾಮೀಣ ಶಾಲೆಗಳ ತರಗತಿ ಯೋಜನೆಗಳಿಗೆ ಧ್ವನಿಮುದ್ರಣ ಸಾಧನಗಳ ಆಯ್ಕೆ, ಖರೀದಿ ಮತ್ತು ನಿರ್ವಹಣೆ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕೈಗೊಳ್ಳುವ ಯೋಜನಾ ಕಾರ್ಯಗಳಿಗೆ ಧ್ವನಿಮುದ್ರಣ ಸಾಧನವು ಅಲ್ಪ ವೆಚ್ಚದ ಹಾಗೂ ಬಹುಪಯೋಗಿ ಉಪಕರಣವಾಗಿದೆ. ಊರಿನ ಹಿರಿಯರ ಸಂದರ್ಶನ, ಜಾನಪದ ಗೀತೆಗಳ ಸಂಗ್ರಹ, ಗಟ್ಟಿ ಓದಿನ ಅಭ್ಯಾಸ, ಇಂಗ್ಲಿಷ್ ಉಚ್ಚಾರಣೆಯ ತಿದ್ದುಪಡಿ ಮುಂತಾದ ಚಟುವಟಿಕೆಗಳಿಗೆ ಇದು ನೆರವಾಗುತ್ತದೆ. ಆದರೆ ಶಾಲೆಗಳಿಗೆ ದೊರೆಯುವ ಅನುದಾನವು ಸೀಮಿತವಾಗಿರುತ್ತದೆ. ಒಮ್ಮೆ ಖರೀದಿಸಿದ ಸಾಧನವು ವರ್ಷದೊಳಗೆ ಕೆಟ್ಟು ಬೀರು ಸೇರಿದಲ್ಲಿ ಮತ್ತೊಂದನ್ನು ಕೊಳ್ಳುವ ಅವಕಾಶ ಬೇಗನೆ ಒದಗುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಅಂಶವೆಂದರೆ, ಸಾಧನವನ್ನು ಮತ್ತೆ ಕೊಳ್ಳಬಹುದು. ಮುದ್ರಣವಾಗದೆ ಹೋದ ಹಿರಿಯರ ಮಾತನ್ನು ಮತ್ತೆ ಪಡೆಯಲು ಹಲವು ವೇಳೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು, ಮುಖ್ಯೋಪಾಧ್ಯಾಯರು, ಪಾಲಕರು, ಹಳೆಯ ವಿದ್ಯಾರ್ಥಿಗಳು ಹಾಗೂ ದಾನಿಗಳ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಇದು ಮಾರ್ಗದರ್ಶನಕ್ಕಾಗಿ ಮಾತ್ರವಿದ್ದು, ಯಾವುದೇ ಕಂಪನಿಯ ಉತ್ಪನ್ನದ ಶಿಫಾರಸು ಆಗಿರುವುದಿಲ್ಲ.

2. ಹಿನ್ನೆಲೆ

ಧ್ವನಿಮುದ್ರಣಕ್ಕೂ ಈ ಭಾಗಕ್ಕೂ ಹಳೆಯ ನಂಟಿದೆ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಚಂದ್ರ ಕುಂದಗೋಳಕರ (1886–1952) ಅವರ ಬಳಿ ಗಂಗೂಬಾಯಿ ಹಾನಗಲ್ (1913–2009) ಹಾಗೂ ಭೀಮಸೇನ ಜೋಶಿ (1922–2011) ಅವರು ಕುಂದಗೋಳದಲ್ಲಿ ಸಂಗೀತಾಭ್ಯಾಸ ಮಾಡಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. 1930ರ ದಶಕದಲ್ಲಿ ಅವರ ಆರಂಭದ ಗಾನಮುದ್ರಿಕೆಗಳು "ಗಾಂಧಾರಿ ಹುಬ್ಳಿ" ಎಂಬ ಹೆಸರಿನಲ್ಲಿ ಹೊರಬಂದವು. ಅಂದಿನ 78 ಸುತ್ತಿನ 10 ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷಗಳ ಧ್ವನಿ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ಗಾಯಕರು ಆ ಮಿತಿಯೊಳಗೆ ರಾಗವನ್ನು ಅಡಕಗೊಳಿಸಬೇಕಾಗಿತ್ತು.

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. 1963ರಲ್ಲಿ ಫಿಲಿಪ್ಸ್ ಕಂಪನಿಯು ಪರಿಚಯಿಸಿದ ಕ್ಯಾಸೆಟ್ ಮುಂದಿನ ದಶಕಗಳಲ್ಲಿ ಹಳ್ಳಿಗಳನ್ನೂ ತಲುಪಿ, ಮದುವೆಯ ಸೋಬಾನೆ ಹಾಡು, ಭಜನೆ, ಗೀಗೀ ಪದಗಳು ಮನೆಮನೆಯ ಟೇಪ್‌ರೆಕಾರ್ಡರ್‌ಗಳಲ್ಲಿ ದಾಖಲಾದವು. ಶಾಲೆಗಳಲ್ಲಿಯೂ ರೇಡಿಯೋ ಸಹಿತ ಕ್ಯಾಸೆಟ್ ಯಂತ್ರಗಳು ಬಳಕೆಯಲ್ಲಿದ್ದವು. ಇಂದು ಅಂಗೈಯಗಲದ ಸಾಧನವೊಂದರಲ್ಲಿ ನೂರಾರು ಗಂಟೆಗಳ ಧ್ವನಿಯನ್ನು ಸಂಗ್ರಹಿಸಬಹುದಾಗಿದೆ. ಆದರೆ ಸ್ಥಳಾವಕಾಶ ಹೆಚ್ಚಿದ ಮಾತ್ರಕ್ಕೆ ಮುದ್ರಣವು ಸ್ಪಷ್ಟವಾಗಿಯೂ ಸುರಕ್ಷಿತವಾಗಿಯೂ ಇರುತ್ತದೆ ಎಂದು ಭಾವಿಸಬಾರದು.

3. ತಾಲ್ಲೂಕುವಾರು ಕೈಗೊಳ್ಳಬಹುದಾದ ಯೋಜನೆಗಳು

ಸಾಧನವನ್ನು ಆಯ್ಕೆ ಮಾಡುವ ಮೊದಲು ಅದನ್ನು ಯಾವ ಕೆಲಸಕ್ಕೆ, ಯಾವ ಸ್ಥಳದಲ್ಲಿ ಬಳಸಲಾಗುವುದು ಎಂಬುದನ್ನು ಶಾಲೆಯು ನಿರ್ಧರಿಸಿಕೊಳ್ಳಬೇಕು. ಉದಾಹರಣೆಗಾಗಿ ಕೆಲವು ವಿಷಯಗಳನ್ನು ಕೆಳಗೆ ನೀಡಲಾಗಿದೆ.

(ಅ) ನವಲಗುಂದ: ಮಲಪ್ರಭಾ ಅಚ್ಚುಕಟ್ಟು ಪ್ರದೇಶದಲ್ಲಿ 1980ರ ಜುಲೈ 21ರಂದು ತೀವ್ರ ಸ್ವರೂಪ ಪಡೆದ ನವಲಗುಂದ–ನರಗುಂದ ರೈತ ಚಳವಳಿಯನ್ನು ಕಂಡ ಹಿರಿಯರ ನೆನಪುಗಳು. ಅಂದು 20 ವರ್ಷದವರಾಗಿದ್ದವರು ಇಂದು 65ರ ವಯಸ್ಸನ್ನು ತಲುಪಿದ್ದಾರೆ ಅಥವಾ ದಾಟಿದ್ದಾರೆ. ಈ ಕಾರ್ಯವನ್ನು ಮುಂದೂಡುವುದು ಸೂಕ್ತವಲ್ಲ. ಹೋಳಿ ಹುಣ್ಣಿಮೆಯ ರಾಮಲಿಂಗ ಕಾಮಣ್ಣನ ಆಚರಣೆ ಹಾಗೂ ಜಮಖಾನೆ ನೇಯುವ ಮಹಿಳೆಯರ ಕಸುಬಿನ ಅನುಭವಗಳನ್ನೂ ದಾಖಲಿಸಬಹುದು. ಮಗ್ಗದ ಬಳಿ ನೂಲನ್ನು ಬಡಿಯುವ ಸದ್ದು ಮಾತನ್ನು ಮುಚ್ಚುವುದರಿಂದ, ಮೊದಲು ಮಾತನ್ನೂ ನಂತರ ಪ್ರತ್ಯೇಕವಾಗಿ ಮಗ್ಗದ ಸದ್ದನ್ನೂ ಮುದ್ರಿಸಿಕೊಳ್ಳಬೇಕು.

(ಆ) ಅಣ್ಣಿಗೇರಿ: ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಊರಿನಲ್ಲಿ 11ನೇ ಶತಮಾನದ ಅಮೃತೇಶ್ವರ ದೇವಾಲಯವಿದೆ. ಮಕ್ಕಳು ಸಿದ್ಧಪಡಿಸುವ ಸ್ಥಳ ಪರಿಚಯದ ಧ್ವನಿಮುದ್ರಿಕೆಗೆ ಇದು ಸೂಕ್ತ ವಿಷಯ. ಕಲ್ಲಿನ ಮಂಟಪದೊಳಗೆ ಮಾತು ಮಾರ್ದನಿಗೊಳ್ಳುವುದರಿಂದ ನಿರೂಪಣೆಯನ್ನು ಹೊರಗಿನ ಬಯಲಿನಲ್ಲಿ ಮುದ್ರಿಸುವುದು ಉತ್ತಮ. ಹಿಂಗಾರಿ ಬೆಳೆ, ಹಗೇವು, ಕೂರಿಗೆ ಬಿತ್ತನೆ ಮುಂತಾದ ಬೇಸಾಯದ ಪದಗಳ ಸಂಗ್ರಹವನ್ನೂ ಕೈಗೊಳ್ಳಬಹುದು.

(ಇ) ಕುಂದಗೋಳ: ಹಿಂದೂಸ್ತಾನಿ ಸಂಗೀತದ ಪರಂಪರೆ, ಶಿಶುನಾಳ ಶರೀಫರ ಗುರುಗಳಾದ ಗೋವಿಂದಭಟ್ಟರ ಕಳಸ ಗ್ರಾಮದ ಸುತ್ತಲಿನ ತತ್ವಪದ ಹಾಗೂ ಭಜನಾ ಮೇಳಗಳು, ಮೆಣಸಿನಕಾಯಿ ಬೆಳೆಗಾರರ ಅನುಭವ, ಬೆಣ್ಣೆಹಳ್ಳದ ನೆರೆಯ ನೆನಪುಗಳು. ತಾಳ, ದಪ್ಪಡಿಗಳ ಗಟ್ಟಿ ಸದ್ದಿನೊಂದಿಗೆ ಹಾಡನ್ನು ಮುದ್ರಿಸಬೇಕಾದಲ್ಲಿ ಧ್ವನಿಮಟ್ಟವನ್ನು ಕೈಯಿಂದ ಹೊಂದಿಸಬಲ್ಲ ಸಾಧನವು ಅಗತ್ಯ.

(ಈ) ಕಲಘಟಗಿ: ಬಣ್ಣದ ತೊಟ್ಟಿಲು ತಯಾರಿಸುವ ಕುಶಲಕರ್ಮಿಗಳ ಸಂದರ್ಶನ, ಭತ್ತದ ನಾಟಿಯ ಹಾಡುಗಳು, ಕಾಡಂಚಿನ ಗೌಳಿ ದಡ್ಡಿಗಳ ಮಕ್ಕಳು ಮನೆಯಲ್ಲಿ ಆಡುವ ಭಾಷೆಯ ಪದಗಳು ಮತ್ತು ಕಥೆಗಳು. ಮನೆಮಾತು ಕನ್ನಡವಲ್ಲದ ಮಗುವು ತನ್ನ ಅಜ್ಜಿಯ ಕಥೆಯನ್ನು ಮುದ್ರಿಸಿ ತಂದು, ಅದನ್ನು ತರಗತಿಗೆ ಕನ್ನಡದಲ್ಲಿ ವಿವರಿಸುವುದು ಎರಡೂ ಭಾಷೆಗಳ ಕಲಿಕೆಗೆ ಸಹಕಾರಿ.

4. ಲಭ್ಯವಿರುವ ಸಾಧನಗಳ ವಿಧಗಳು

4.1 ಸರಳ ಧ್ವನಿಮುದ್ರಕ: ಸಂದರ್ಶನ ಹಾಗೂ ಸಭೆಗಳಿಗಾಗಿ ತಯಾರಾದ ಚಿಕ್ಕ ಸಾಧನ. ಗುಂಡಿಗಳು ಕಡಿಮೆ, ಬಹುತೇಕ ಮಾದರಿಗಳಲ್ಲಿ ಕೇಳಲು ಒಳಗೆಯೇ ಸ್ಪೀಕರ್ ಇರುತ್ತದೆ. ಸೋನಿ ಐಸಿಡಿ-ಪಿಎಕ್ಸ್470 ಈ ವರ್ಗಕ್ಕೆ ಉದಾಹರಣೆ. ಮಾತಿನ ಮುದ್ರಣಕ್ಕೆ ಇದು ಸಾಕಾಗುತ್ತದೆ.

4.2 ಕೈಹಿಡಿ ಸ್ಟೀರಿಯೋ ಮುದ್ರಕ: ಹಾಡು, ವಾದ್ಯ, ಬಯಲಿನ ಸದ್ದುಗಳ ಮುದ್ರಣಕ್ಕೆ ಸೂಕ್ತ. ಜೂಮ್ ಎಚ್1ಎನ್, ಟ್ಯಾಸ್ಕಾಮ್ ಡಿಆರ್-05ಎಕ್ಸ್ ಮುಂತಾದವು ಈ ವರ್ಗದವು. ಮೈಕ್ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಗಾಳಿಯ ಸದ್ದು ಮತ್ತು ಕೈ ತಾಗಿದ ಸದ್ದು ಸುಲಭವಾಗಿ ಸೇರುತ್ತದೆ. ಚಿಕ್ಕ ಮಕ್ಕಳಿಗೆ ಶಿಕ್ಷಕರ ನೆರವು ಬೇಕಾಗುತ್ತದೆ.

4.3 ಮೊಬೈಲ್ ಫೋನ್: ಪ್ರತ್ಯೇಕ ಖರ್ಚಿಲ್ಲದೆ ದೊರೆಯುವ ಅನುಕೂಲವಿದೆ. ಆದರೆ ಮುದ್ರಣದ ನಡುವೆ ಕರೆ ಬರುವುದು, ಸ್ಥಳಾವಕಾಶ ತುಂಬಿರುವುದು, ಕಡತವು ಮಾಲೀಕರ ಖಾಸಗಿ ಫೋನಿನಲ್ಲಿಯೇ ಉಳಿಯುವುದು ಇದರ ಮುಖ್ಯ ತೊಂದರೆಗಳು. ಅನಿವಾರ್ಯವಾಗಿ ಬಳಸುವಾಗ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇರಿಸಬೇಕು. ಮಕ್ಕಳು ಮನೆಯಿಂದ ಮೊಬೈಲ್ ತರಬೇಕೆಂದು ಒತ್ತಾಯಿಸಬಾರದು. ಮೊಬೈಲ್ ಇಲ್ಲದ ಮನೆಯ ಮಗುವು ಯೋಜನೆಯಿಂದ ಹೊರಗುಳಿಯಬಾರದು.

4.4 ಪೆನ್ನು, ಕೀಲಿಗೊಂಚಲು ಮುಂತಾದ ರೂಪದ ಗುಪ್ತ ಮುದ್ರಕಗಳು: ಇವು ಅಗ್ಗವಾಗಿದ್ದರೂ ಶಾಲೆಗೆ ಸೂಕ್ತವಲ್ಲ. ಮುದ್ರಣವಾಗುತ್ತಿರುವುದು ಎದುರಿನವರಿಗೆ ಕಾಣುವಂತಿರಬೇಕು.

5. ಬಾಳಿಕೆಯ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು

5.1 ಧೂಳು: ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಎರೆಭೂಮಿಯಲ್ಲಿ ಬೇಸಿಗೆಯ ನುಣುಪಾದ ಧೂಳು ಜಾರುಗುಂಡಿಗಳ ಹಾಗೂ ತೂತುಗಳ ಒಳಗೆ ಸೇರುತ್ತದೆ. ಆದ್ದರಿಂದ ಒತ್ತುಗುಂಡಿಗಳಿರುವ, ಕಾರ್ಡ್ ಮತ್ತು ಯುಎಸ್‌ಬಿ ಕಿಂಡಿಗಳಿಗೆ ಮುಚ್ಚಳವಿರುವ ಮಾದರಿಗಳಿಗೆ ಆದ್ಯತೆ ನೀಡಬೇಕು. ಧೂಳು ಮತ್ತು ನೀರಿನಿಂದ ರಕ್ಷಣೆಯ ಮಟ್ಟವನ್ನು "ಐಪಿ" ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಇದರ ಮೊದಲ ಅಂಕೆ ಧೂಳಿಗೂ ಎರಡನೆಯದು ನೀರಿಗೂ ಸಂಬಂಧಿಸಿದ್ದು, ಮೊದಲ ಅಂಕೆ 6 ಇದ್ದಲ್ಲಿ ಧೂಳು ಒಳಹೋಗದು ಎಂದರ್ಥ. ಸಾಮಾನ್ಯ ಧ್ವನಿಮುದ್ರಕಗಳಿಗೆ ಇಂತಹ ಸಂಖ್ಯೆ ಇರುವುದು ವಿರಳವಾದ್ದರಿಂದ ಚೀಲ ಹಾಗೂ ಡಬ್ಬಿಯ ರಕ್ಷಣೆ ಅಗತ್ಯ.

5.2 ತೇವಾಂಶ: ಕಲಘಟಗಿಯ ಅರೆಮಲೆನಾಡಿನ ಮಳೆಗಾಲದಲ್ಲಿ ತೇವದಿಂದ ಸೆಲ್ ಕೂಡುವ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಸಾಧನವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಅಕ್ಕಿಯಲ್ಲಿ ಹುದುಗಿಸಿಡುವುದರಿಂದ ಹಿಟ್ಟಿನ ಕಣಗಳು ಒಳಸೇರುವ ಸಂಭವವಿದ್ದು, ಅದನ್ನು ತಪ್ಪಿಸಬೇಕು.

5.3 ಬೀಳುವಿಕೆ: ಮಕ್ಕಳ ಕೈಯಿಂದ ಸಾಧನವು ಒಮ್ಮೆಯಾದರೂ ಬೀಳುತ್ತದೆ ಎಂದು ಎಣಿಸಿಯೇ ಆಯ್ಕೆ ಮಾಡಬೇಕು. ಕೈದಾರ ಕಟ್ಟಲು ಕೊಂಡಿ ಇರಬೇಕು. ಸೆಲ್ ಮುಚ್ಚಳವು ಸಂಪೂರ್ಣ ಕಳಚಿ ಬರುವುದಕ್ಕಿಂತ ಕೀಲಿನಿಂದ ಸಾಧನಕ್ಕೇ ಅಂಟಿಕೊಂಡಿರುವುದು ಉತ್ತಮ. ಕಳೆದುಹೋದ ಮುಚ್ಚಳವು ಬಿಡಿಯಾಗಿ ಸಿಗುವುದು ಕಷ್ಟ.

5.4 ವಿದ್ಯುತ್: ಒಳಗೆಯೇ ಕೂಡಿಸಿದ ಲಿಥಿಯಂ ಬ್ಯಾಟರಿಯ ಶಕ್ತಿಯು ವರ್ಷಗಳು ಕಳೆದಂತೆ ಕುಂದುತ್ತದೆ ಹಾಗೂ ಅದನ್ನು ಶಾಲೆಯಲ್ಲಿ ಬದಲಾಯಿಸಲಾಗುವುದಿಲ್ಲ. ಎಎ ಅಥವಾ ಎಎಎ ಅಳತೆಯ ಪೆನ್ಸಿಲ್ ಸೆಲ್ ಹಾಕುವ ಸಾಧನವಾದಲ್ಲಿ ಕರೆಂಟ್ ಇಲ್ಲದ ದಿನವೂ ಊರಿನ ಕಿರಾಣಿ ಅಂಗಡಿಯಿಂದ ಸೆಲ್ ತಂದು ಕೆಲಸ ಮುಂದುವರಿಸಬಹುದು. ಮರುಚಾರ್ಜ್ ಮಾಡಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ದೀರ್ಘಾವಧಿಯಲ್ಲಿ ಮಿತವ್ಯಯಕಾರಿ. ಇವು 1.2 ವೋಲ್ಟ್‌ನವು, ಸಾಮಾನ್ಯ ಸೆಲ್‌ಗಳು 1.5 ವೋಲ್ಟ್‌ನವು. ಆದುದರಿಂದ ಸಾಧನದ ಪಟ್ಟಿಯಲ್ಲಿ ಸೆಲ್‌ನ ವಿಧವನ್ನು ಸರಿಯಾಗಿ ಆರಿಸದಿದ್ದಲ್ಲಿ ಉಳಿದ ಶಕ್ತಿಯ ಸೂಚನೆಯು ತಪ್ಪಾಗಿ ತೋರುತ್ತದೆ. ಹಳೆಯ ಮತ್ತು ಹೊಸ ಸೆಲ್‌ಗಳನ್ನು ಬೆರೆಸಿ ಹಾಕಬಾರದು.

6. ಬಳಕೆಯ ಸುಲಭತೆ

6.1 ಮುದ್ರಣದ ಗುಂಡಿ: ಕೆಲವು ಸಾಧನಗಳಲ್ಲಿ ಗುಂಡಿಯನ್ನು ಮೊದಲ ಬಾರಿ ಒತ್ತಿದಾಗ ಅದು ಸಿದ್ಧಸ್ಥಿತಿಗೆ ಮಾತ್ರ ಬರುತ್ತದೆ, ಎರಡನೆಯ ಬಾರಿ ಒತ್ತಿದಾಗ ಮುದ್ರಣ ಆರಂಭವಾಗುತ್ತದೆ. ಕೆಂಪು ದೀಪವು ಮಿನುಗುತ್ತಿದ್ದರೆ ಮುದ್ರಣ ನಡೆದಿಲ್ಲವೆಂದೂ, ಸ್ಥಿರವಾಗಿದ್ದರೆ ನಡೆದಿದೆಯೆಂದೂ ಇಂತಹ ಸಾಧನಗಳಲ್ಲಿ ತಿಳಿಯಬೇಕು. ಇದನ್ನು ಅರಿಯದೆ ಪೂರ್ಣ ಸಂದರ್ಶನವನ್ನು ಕಳೆದುಕೊಳ್ಳುವ ಸಂಭವವಿದೆ. ಚಿಕ್ಕ ಮಕ್ಕಳಿಗಾಗಿ ಒಂದೇ ಒತ್ತಿಗೆ ಮುದ್ರಣ ಆರಂಭವಾಗುವ ಮಾದರಿಯನ್ನು ಆರಿಸುವುದು ಸೂಕ್ತ. ದೀಪದ ಜೊತೆಗೆ ಪರದೆಯ ಮೇಲಿನ ಸೆಕೆಂಡುಗಳ ಅಂಕಿಗಳು ಓಡುತ್ತಿರುವುದನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು.

6.2 ಭಾಷೆ: ಸಾಧನಗಳ ಸೂಚನಾಪಟ್ಟಿಯು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿರುತ್ತದೆ. ಗುಂಡಿಗಳ ಪಕ್ಕದಲ್ಲಿ "ಮುದ್ರಿಸು", "ನಿಲ್ಲಿಸು", "ಕೇಳು" ಎಂಬ ಕನ್ನಡ ಚೀಟಿಗಳನ್ನು ಅಂಟಿಸಬೇಕು. ಓದಲು ಬಾರದ ಮಕ್ಕಳಿಗಾಗಿ ಬಣ್ಣದ ಬಿಂದುಗಳನ್ನು ಬಳಸಬಹುದು.

6.3 ಧ್ವನಿ ಬಂದಾಗ ಮಾತ್ರ ಮುದ್ರಿಸುವ ಸೌಲಭ್ಯ: ಇದನ್ನು ಸದಾ ನಿಷ್ಕ್ರಿಯವಾಗಿ ಇರಿಸತಕ್ಕದ್ದು. ಈ ಸೌಲಭ್ಯವು ವಾಕ್ಯದ ಮೊದಲ ಅಕ್ಷರವನ್ನು ಕತ್ತರಿಸುವುದಲ್ಲದೆ, ವಯಸ್ಸಾದವರ ತಗ್ಗಿದ ದನಿಯನ್ನು ಮೌನವೆಂದು ಪರಿಗಣಿಸಿ ಮುದ್ರಣವನ್ನೇ ನಿಲ್ಲಿಸಬಹುದು.

6.4 ಸ್ಪೀಕರ್: ಮುದ್ರಿಸಿದ ಕೂಡಲೇ ಮಕ್ಕಳಿಗೂ ಮಾತನಾಡಿದವರಿಗೂ ಕೇಳಿಸಲು ಒಳಗಿನ ಸ್ಪೀಕರ್ ಅನುಕೂಲಕರ. ತರಗತಿಗೆಲ್ಲ ಕೇಳಿಸಲು ಹೊರಗಿನ ಸ್ಪೀಕರ್ ಜೋಡಿಸುವ 3.5 ಮಿಲಿಮೀಟರ್ ಕಿಂಡಿ ಇರಬೇಕು.

6.5 ವಿಶೇಷ ಅಗತ್ಯವುಳ್ಳ ಮಕ್ಕಳು: ದೃಷ್ಟಿದೋಷವುಳ್ಳ ಮಗುವಿಗೆ ಧ್ವನಿಮುದ್ರಕವು ಟಿಪ್ಪಣಿ ಪುಸ್ತಕದ ಸ್ಥಾನವನ್ನು ತುಂಬಬಲ್ಲದು. ಮುಟ್ಟಿ ಗುರುತಿಸಬಹುದಾದ, ಆಕಾರದಲ್ಲಿ ಬೇರೆಬೇರೆಯಾಗಿರುವ ಗುಂಡಿಗಳಿರುವ ಸಾಧನವನ್ನೇ ಆರಿಸಬೇಕು. ಸ್ಪರ್ಶಪರದೆಯ ಸಾಧನವು ಸೂಕ್ತವಲ್ಲ. ಬರೆಯಲು ನಿಧಾನಿಸುವ ಮಗುವು ತನ್ನ ಉತ್ತರವನ್ನು ಹೇಳಿ ಮುದ್ರಿಸುವುದರಿಂದ ಅದಕ್ಕೆ ವಿಷಯ ತಿಳಿದಿದೆಯೇ ಎಂಬುದನ್ನು ಶಿಕ್ಷಕರು ಅರಿಯಬಹುದು.

7. ಕಡತದ ನಮೂನೆ ಮತ್ತು ಸಂಗ್ರಹ ಸಾಮರ್ಥ್ಯ

ಶಾಶ್ವತವಾಗಿ ಉಳಿಸಬೇಕಾದ ಹಿರಿಯರ ಮಾತು ಮತ್ತು ಹಾಡುಗಳನ್ನು ವೇವ್ ನಮೂನೆಯಲ್ಲಿಯೂ, ದಿನನಿತ್ಯದ ಓದಿನ ಅಭ್ಯಾಸವನ್ನು ಎಂಪಿ3 ನಮೂನೆಯಲ್ಲಿಯೂ ಮುದ್ರಿಸಬಹುದು. ಆಯಾ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ನಮೂನೆಗಳನ್ನು ಬಳಸಬಾರದು. ಒಂದು ಗಂಟೆಯ ಮುದ್ರಣಕ್ಕೆ ಬೇಕಾಗುವ ಸ್ಥಳ ಈ ಕೆಳಕಂಡಂತಿದೆ:

– ವೇವ್, ಸ್ಟೀರಿಯೋ (44.1 ಕಿಲೋಹರ್ಟ್ಸ್, 16 ಬಿಟ್): ಸುಮಾರು 635 ಎಂಬಿ
– ವೇವ್, ಮೋನೋ (ಅದೇ ಗುಣಮಟ್ಟ): ಸುಮಾರು 318 ಎಂಬಿ
– ಎಂಪಿ3 (ಸೆಕೆಂಡಿಗೆ 128 ಕಿಲೋಬಿಟ್): ಸುಮಾರು 58 ಎಂಬಿ

ಇದರಂತೆ 32 ಜಿಬಿ ಮೆಮೊರಿ ಕಾರ್ಡಿನಲ್ಲಿ ಸ್ಟೀರಿಯೋ ವೇವ್ ಸುಮಾರು 50 ಗಂಟೆ, ಮೋನೋ ವೇವ್ ಸುಮಾರು 100 ಗಂಟೆ ಹಾಗೂ ಎಂಪಿ3 ಸುಮಾರು 550 ಗಂಟೆ ಹಿಡಿಯುತ್ತದೆ. ಒಬ್ಬ ವ್ಯಕ್ತಿಯ ಮಾತಿಗೆ ಮೋನೋ ಸಾಕು. ಕಾರ್ಡನ್ನು ಖರೀದಿಸುವ ಮೊದಲು ಸಾಧನವು ಗರಿಷ್ಠ ಎಷ್ಟು ಜಿಬಿಯ ಕಾರ್ಡನ್ನು ಸ್ವೀಕರಿಸುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಪರಿಶೀಲಿಸಬೇಕು ಹಾಗೂ ಹೊಸ ಕಾರ್ಡನ್ನು ಅದೇ ಸಾಧನದಲ್ಲಿ ಫಾರ್ಮ್ಯಾಟ್ ಮಾಡಬೇಕು.

8. ವೆಚ್ಚದ ಲೆಕ್ಕಾಚಾರ

ಖರೀದಿಯ ಬೆಲೆಯನ್ನು ಮಾತ್ರ ನೋಡದೆ ಬಳಕೆಯ ಪೂರ್ಣ ಅವಧಿಯ ವೆಚ್ಚವನ್ನು ಲೆಕ್ಕ ಹಾಕಬೇಕು. ಕೆಳಗಿನ ಬೆಲೆಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ ನೀಡಲಾದ ಉದಾಹರಣೆಗಳಾಗಿದ್ದು, ಮಾರುಕಟ್ಟೆಯ ದರಗಳಲ್ಲ.

ಸಾಧನ "ಅ": ಬೆಲೆ ರೂ. 3,000, ಬ್ಯಾಟರಿ ಒಳಗೆಯೇ ಕೂಡಿಸಿದ್ದು, ಬಾಳಿಕೆ 2 ವರ್ಷ ಎಂದು ಭಾವಿಸಿದಲ್ಲಿ, 6 ವರ್ಷಗಳಿಗೆ 3 ಸಾಧನಗಳು ಬೇಕಾಗಿ ಒಟ್ಟು ರೂ. 9,000.

ಸಾಧನ "ಆ": ಬೆಲೆ ರೂ. 6,500, ಮರುಚಾರ್ಜ್ ಸೆಲ್‌ಗಳು ಮತ್ತು ಚಾರ್ಜರ್ ರೂ. 1,500, 3 ವರ್ಷಗಳ ನಂತರ ಹೊಸ ಸೆಲ್‌ಗಳಿಗೆ ರೂ. 800, 6 ವರ್ಷಗಳಿಗೆ ಒಟ್ಟು ರೂ. 8,800.

ಇಲ್ಲಿ ಉಳಿತಾಯವು ಕೇವಲ ರೂ. 200. "ಅ" ಸಾಧನವು 3 ವರ್ಷ ಬಾಳಿದಲ್ಲಿ ಅದರ ಒಟ್ಟು ವೆಚ್ಚ ರೂ. 6,000ಕ್ಕೆ ಇಳಿಯುತ್ತದೆ ಹಾಗೂ ಅದೇ ಅಗ್ಗವಾಗುತ್ತದೆ. ಆದ್ದರಿಂದ ಬೆಲೆಗಿಂತ ಬಾಳಿಕೆಯ ಅವಧಿಯೇ ನಿರ್ಣಾಯಕ. ಅದೇ ಮಾದರಿಯನ್ನು ಈಗಾಗಲೇ ಬಳಸುತ್ತಿರುವ ಹತ್ತಿರದ ಶಾಲೆಯ ಶಿಕ್ಷಕರನ್ನು ವಿಚಾರಿಸುವುದು ಜಾಹೀರಾತಿಗಿಂತ ಹೆಚ್ಚು ವಿಶ್ವಾಸಾರ್ಹ. ಸಾಧನವು ಕೆಟ್ಟು ಮತ್ತೊಂದು ಬರುವವರೆಗೆ ನಿಂತುಹೋಗುವ ಕೆಲಸಕ್ಕೆ ಲೆಕ್ಕದಲ್ಲಿ ಬೆಲೆ ಕಾಣುವುದಿಲ್ಲವಾದರೂ ಅದನ್ನೂ ಪರಿಗಣಿಸಬೇಕು.

ಒಂದು ದುಬಾರಿ ಸಾಧನಕ್ಕಿಂತ ಎರಡು ಸಾಧಾರಣ ಸಾಧನಗಳು ಶಾಲೆಗೆ ಹೆಚ್ಚು ಉಪಯುಕ್ತ. ಮುಖ್ಯ ಸಂದರ್ಶನಗಳನ್ನು ಎರಡರಲ್ಲಿಯೂ ಏಕಕಾಲಕ್ಕೆ ಮುದ್ರಿಸಿದಲ್ಲಿ ಒಂದು ವಿಫಲವಾದರೂ ಮತ್ತೊಂದು ಉಳಿಯುತ್ತದೆ.

9. ಖರೀದಿಯ ವಿಧಾನ

(1) ಉದ್ದೇಶ, ಸಾಧನದ ಸಂಖ್ಯೆ ಹಾಗೂ ಅಂದಾಜು ವೆಚ್ಚವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸಿ, ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು.

(2) ಸಮಗ್ರ ಶಿಕ್ಷಣ ಯೋಜನೆಯಡಿ ದಾಖಲಾತಿಗೆ ಅನುಗುಣವಾಗಿ ಸರ್ಕಾರಿ ಶಾಲೆಗಳಿಗೆ ವಾರ್ಷಿಕ ಸಂಯೋಜಿತ ಅನುದಾನವು ಲಭ್ಯವಿರುತ್ತದೆ. ಆದರೆ ಅದರಿಂದಲೇ ಶೌಚಾಲಯ, ಕುಡಿಯುವ ನೀರು, ದುರಸ್ತಿ ಮುಂತಾದ ಅಗತ್ಯಗಳನ್ನೂ ಪೂರೈಸಬೇಕಾಗಿರುವುದರಿಂದ, ಆ ವರ್ಷದ ಅನುದಾನದ ಮಾರ್ಗಸೂಚಿಯಲ್ಲಿ ಇಂತಹ ಖರೀದಿಗೆ ಅವಕಾಶವಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

(3) ಸಾರ್ವಜನಿಕ ಹಣದ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಹಾಗೂ ಅನ್ವಯವಾಗುವ ಆದೇಶಗಳನ್ನು ಪಾಲಿಸಬೇಕು. ದರಪಟ್ಟಿಗಳನ್ನು ಪಡೆಯುವಾಗ ಎಲ್ಲ ಮಾರಾಟಗಾರರಿಗೂ ಒಂದೇ ವಿವರಣೆಯನ್ನು ನೀಡಬೇಕು. ಕಂಪನಿಯ ಹೆಸರಿನ ಬದಲು ಸೆಲ್‌ನ ಅಳತೆ, ಕಾರ್ಡಿನ ಸೌಲಭ್ಯ, ಕಡತದ ನಮೂನೆ, ಖಾತರಿಯ ಅವಧಿ ಮುಂತಾದ ಗುಣಗಳನ್ನು ನಮೂದಿಸಬೇಕು.

(4) ಅಂಗಡಿಯಲ್ಲಿ ಹಣ ಪಾವತಿಸುವ ಮೊದಲು 5 ನಿಮಿಷ ಮುದ್ರಿಸಿ, ಕೇಳಿ, ಕಡತವನ್ನು ಕಂಪ್ಯೂಟರ್‌ಗೆ ವರ್ಗಾಯಿಸಿ ನೋಡಬೇಕು. ಬ್ಯಾಟರಿ ಹಾಗೂ ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನು ಪರಿಶೀಲಿಸಬೇಕು.

(5) ಜಿಎಸ್‌ಟಿ ಸಹಿತ ಬಿಲ್ ಹಾಗೂ ಮೊಹರು ಹಾಕಿದ ಖಾತರಿ ಪತ್ರವನ್ನು ತಪ್ಪದೆ ಪಡೆಯಬೇಕು. ಸಾಧನದ ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ದಾನಿಗಳಿಂದ ಬಂದ ಸಾಧನಕ್ಕೂ ಇದು ಅನ್ವಯಿಸುತ್ತದೆ.

10. ಮುದ್ರಣ ಕಾಲದಲ್ಲಿ ಪಾಲಿಸಬೇಕಾದ ಕ್ರಮಗಳು

– ಸಾಧನವನ್ನು ಮಾತನಾಡುವವರ ಬಾಯಿಯಿಂದ ಒಂದು ಗೇಣಿನಿಂದ ಒಂದು ಮೊಳದವರೆಗಿನ ದೂರದಲ್ಲಿ, ಮೆತ್ತನೆಯ ಬಟ್ಟೆಯ ಮೇಲೆ ಇರಿಸಬೇಕು. ದೂರ ಹೆಚ್ಚಿದಷ್ಟೂ ಕೋಣೆಯ ಸದ್ದು ಹೆಚ್ಚುತ್ತದೆ.
– ಫ್ಯಾನ್ ಮತ್ತು ಟಿ.ವಿ. ನಿಲ್ಲಿಸಬೇಕು. ತಗಡಿನ ಮಾಡಿನ ಕೆಳಗೆ ಮಳೆಯ ಹೊತ್ತಿನಲ್ಲಿ ಹಾಗೂ ಹಿಟ್ಟಿನ ಗಿರಣಿಯ ಸಮೀಪದಲ್ಲಿ ಮುದ್ರಿಸಬಾರದು.
– ಬಯಲಿನಲ್ಲಿ ಮೈಕ್‌ಗೆ ಸ್ಪಂಜಿನ ಹೊದಿಕೆ ಹಾಕಿ, ಗಾಳಿಗೆ ಬೆನ್ನು ಮಾಡಿ ಕೂರಬೇಕು.
– ಮೊದಲು 30 ಸೆಕೆಂಡ್ ಪರೀಕ್ಷಾರ್ಥ ಮುದ್ರಿಸಿ ಕೇಳಬೇಕು. ದನಿ ಒಡೆದು ಕೇಳಿದಲ್ಲಿ ಧ್ವನಿಮಟ್ಟವನ್ನು ತಗ್ಗಿಸಬೇಕು.
– ಆರಂಭದಲ್ಲಿ ದಿನಾಂಕ, ಊರು, ವಿಷಯ ಹಾಗೂ ಮಾತನಾಡುವವರ ಒಪ್ಪಿಗೆಯನ್ನು ಧ್ವನಿಯಲ್ಲಿಯೇ ದಾಖಲಿಸಬೇಕು.
– ಹಿರಿಯರು ಮಾತಿನ ನಡುವೆ ಮೌನವಾದಾಗ ಕೂಡಲೇ ಮುಂದಿನ ಪ್ರಶ್ನೆ ಕೇಳದೆ ಕೆಲಕಾಲ ಕಾಯುವಂತೆ ಮಕ್ಕಳಿಗೆ ತಿಳಿಸಬೇಕು. ನೆನಪಿಸಿಕೊಳ್ಳಲು ಅವರಿಗೆ ಸಮಯ ಬೇಕಾಗುತ್ತದೆ.
– "ನಿಲ್ಲಿಸು" ಗುಂಡಿ ಒತ್ತಿ ಕಡತವು ಉಳಿದ ನಂತರವೇ ಸೆಲ್ ತೆಗೆಯಬೇಕು. ಇಲ್ಲವಾದಲ್ಲಿ ಕಡತವು ಹಾಳಾಗುತ್ತದೆ.

11. ಒಪ್ಪಿಗೆ ಮತ್ತು ಗೌಪ್ಯತೆ

ಸಂದರ್ಶನ ನೀಡುವವರಿಗೆ ಮುದ್ರಣದ ಉದ್ದೇಶವನ್ನೂ, ಅದನ್ನು ಯಾರು ಕೇಳುವರು ಎಂಬುದನ್ನೂ ಮೊದಲೇ ತಿಳಿಸಬೇಕು. ಬೇಡವೆಂದ ಭಾಗವನ್ನು ಅಳಿಸಬೇಕು. ಕುಟುಂಬದ ಜಗಳ, ಆಸ್ತಿ ವಿವಾದ, ಕಾಯಿಲೆ ಮುಂತಾದ ವಿಷಯಗಳನ್ನು ಮಕ್ಕಳ ಮೂಲಕ ಕೇಳಿಸಬಾರದು.

ಮಕ್ಕಳ ಧ್ವನಿಯನ್ನು ಮುದ್ರಿಸಲು ಪಾಲಕರ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಗುವೆಂದು ಪರಿಗಣಿಸುತ್ತದೆ. ತಪ್ಪಾಗಿ ಓದಿದ ಮಗುವಿನ ಮುದ್ರಣವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುವುದು ಆ ಮಗುವನ್ನು ಅವಮಾನಿಸಿದಂತಾಗುತ್ತದೆ. ಇದಕ್ಕೆ ಆಸ್ಪದ ನೀಡಬಾರದು. ಹಾಡುಗಾರರಿಗೆ 1957ರ ಕೃತಿಸ್ವಾಮ್ಯ ಅಧಿನಿಯಮದಡಿ ತಮ್ಮ ಪ್ರದರ್ಶನದ ಮೇಲೆ ಹಕ್ಕುಗಳಿರುವುದರಿಂದ, ಅವರ ಒಪ್ಪಿಗೆಯಿಲ್ಲದೆ ಮುದ್ರಣವನ್ನು ಅಂತರ್ಜಾಲದಲ್ಲಿ ಪ್ರಕಟಿಸಬಾರದು.

12. ಸಂರಕ್ಷಣೆ ಮತ್ತು ನಿರ್ವಹಣೆ

12.1 ಮುದ್ರಿಸಿದ ದಿನವೇ ಕಡತವನ್ನು ಕಂಪ್ಯೂಟರ್‌ಗೆ ವರ್ಗಾಯಿಸಿ, ಒಟ್ಟು ಮೂರು ಪ್ರತಿಗಳನ್ನು ಇರಿಸಬೇಕು. ಇವುಗಳಲ್ಲಿ ಒಂದು ಪ್ರತಿಯು ಶಾಲೆಯ ಹೊರಗೆ, ಉದಾಹರಣೆಗೆ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಇರುವುದು ಉತ್ತಮ. ಪ್ರತಿಗಳನ್ನು ಕೇಳಿ ಪರಿಶೀಲಿಸಿದ ನಂತರವೇ ಕಾರ್ಡಿನಿಂದ ಅಳಿಸಬೇಕು.

12.2 ಕಡತಕ್ಕೆ ವರ್ಷ, ತಿಂಗಳು, ದಿನ ಹಾಗೂ ಕ್ರಮಸಂಖ್ಯೆಯಿಂದ ಹೆಸರಿಡಬೇಕು (ಉದಾ: 2026-01-12-02). ಅದೇ ಸಂಖ್ಯೆಯ ಎದುರು ಊರು, ವಿಷಯ, ಅವಧಿ ಮತ್ತು ಒಪ್ಪಿಗೆಯ ವಿವರವನ್ನು ವಹಿಯಲ್ಲಿ ಬರೆಯಬೇಕು. ವಿವರವಿಲ್ಲದ ಮುದ್ರಣವು ಹತ್ತು ವರ್ಷಗಳ ನಂತರ ಯಾರದೆಂದು ತಿಳಿಯದ ದನಿಯಾಗಿ ಮಾತ್ರ ಉಳಿಯುತ್ತದೆ.

12.3 ದಸರಾ ಮತ್ತು ಬೇಸಿಗೆ ರಜೆಗೆ ಮೊದಲು ಸೆಲ್‌ಗಳನ್ನು ಹೊರತೆಗೆಯಬೇಕು. ಸೋರಿದ ಸೆಲ್‌ಗಳನ್ನು ಮಕ್ಕಳು ಮುಟ್ಟಬಾರದು.

12.4 ಬಳಕೆಗೆ ಬಾರದ ಸಾಧನ ಹಾಗೂ ಸೆಲ್‌ಗಳನ್ನು ಕಸದೊಂದಿಗೆ ಸುಡಬಾರದು. 2022ರ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆ ನಿಯಮಗಳು ಹಾಗೂ ದಾಸ್ತಾನು ವಿಲೇವಾರಿ ನಿಯಮಗಳಂತೆ ಕ್ರಮವಹಿಸಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಹಳೆಯ ಹಾಡುಗಳ ಕ್ಯಾಸೆಟ್‌ಗಳಿವೆ. ಶಾಲೆಯ ಸಾಧನದಲ್ಲಿ ಉಳಿಸಬಹುದೇ?
ಉತ್ತರ: ಉಳಿಸಬಹುದು. ಸಾಧನಕ್ಕೆ ಲೈನ್-ಇನ್ ಸೌಲಭ್ಯವಿದ್ದಲ್ಲಿ ಟೇಪ್‌ರೆಕಾರ್ಡರ್‌ನ ಇಯರ್‌ಫೋನ್ ಕಿಂಡಿಯಿಂದ ತಂತಿಯ ಮೂಲಕ ಜೋಡಿಸಿ ಮುದ್ರಿಸಬೇಕು. ಸಿ-60 ಕ್ಯಾಸೆಟ್ ಪ್ರತಿ ಮಗ್ಗುಲಿಗೆ 30 ನಿಮಿಷ, ಸಿ-90 ಕ್ಯಾಸೆಟ್ 45 ನಿಮಿಷ ಓಡುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಕಿ ಯಂತ್ರವನ್ನು ಕೆಡಿಸಬಾರದು.

ಪ್ರಶ್ನೆ: ಸಾಧನವನ್ನು ಮಕ್ಕಳು ಮನೆಗೆ ಒಯ್ಯಬಹುದೇ?
ಉತ್ತರ: ಒಯ್ಯಬಹುದು. ವಹಿಯಲ್ಲಿ ಸಹಿ ಪಡೆದು, ಪಾಲಕರಿಗೆ ತಿಳಿಸಿ ನೀಡಬೇಕು. ಬೀಗ ಹಾಕಿದ ಬೀರುವಿನಲ್ಲಿಯೇ ಇರುವ ಸಾಧನದಿಂದ ಶಾಲೆಗೆ ಪ್ರಯೋಜನವಿಲ್ಲ.

ಪ್ರಶ್ನೆ: ಮಗುವಿನ ಕೈಯಿಂದ ಸಾಧನ ಕೆಟ್ಟರೆ ಪಾಲಕರು ದಂಡ ತೆರಬೇಕೇ?
ಉತ್ತರ: ದಂಡದ ಭಯವಿದ್ದಲ್ಲಿ ಬಡ ಕುಟುಂಬದ ಮಕ್ಕಳು ಸಾಧನವನ್ನು ಮುಟ್ಟಲೂ ಹಿಂಜರಿಯುತ್ತಾರೆ. ಸಹಜ ಬಳಕೆಯಲ್ಲಿ ಆದ ಹಾನಿಯನ್ನು ಸಮಿತಿಯ ಸಭೆಯಲ್ಲಿ ದಾಖಲಿಸಿ, ದುರಸ್ತಿಗೆ ಕ್ರಮವಹಿಸುವುದು ಸೂಕ್ತ.

ಪ್ರಶ್ನೆ: ಖಾತರಿ ಅವಧಿಯಲ್ಲಿ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಬಿಲ್ ಮತ್ತು ಖಾತರಿ ಪತ್ರದೊಂದಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915ಕ್ಕೆ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು.

ಪ್ರಶ್ನೆ: ಮುದ್ರಣದ ಪ್ರತಿಯನ್ನು ಮಾತನಾಡಿದವರ ಮನೆಯವರು ಪಡೆಯಬಹುದೇ?
ಉತ್ತರ: ಅವಶ್ಯವಾಗಿ ನೀಡಬೇಕು. ಅನೇಕ ಮನೆಗಳಲ್ಲಿ ಹಿರಿಯರ ಭಾವಚಿತ್ರವಿರುತ್ತದೆ; ಅವರ ದನಿ ಇರುವುದಿಲ್ಲ. ಶಾಲೆಯು ನೀಡುವ ಪ್ರತಿಯು ಆ ಕೊರತೆಯನ್ನು ನೀಗಿಸುತ್ತದೆ.

14. ಸಂಪರ್ಕ

ಅನುದಾನದ ಬಳಕೆ ಹಾಗೂ ಖರೀದಿ ನಿಯಮಗಳ ಕುರಿತು ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು, ಯೋಜನಾ ಕಾರ್ಯಗಳ ಶೈಕ್ಷಣಿಕ ಮಾರ್ಗದರ್ಶನಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರ ಅಥವಾ ಧಾರವಾಡದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಜಾನಪದ ಸಂಗ್ರಹಕ್ಕೆ ಸಂಬಂಧಿಸಿದಂತೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಮಾರ್ಗದರ್ಶನವನ್ನು ಕೋರಬಹುದು. ಕೋರಿಕೆ ಪತ್ರದಲ್ಲಿ ಶಾಲೆಯ ಹೆಸರು, ಯೋಜನೆಯ ವಿಷಯ, ಭಾಗವಹಿಸುವ ತರಗತಿ ಹಾಗೂ ಲಭ್ಯವಿರುವ ಸಾಧನಗಳ ವಿವರವನ್ನು ನಮೂದಿಸತಕ್ಕದ್ದು.